ಪಕ್ಕದ ಹಲ್ಲಿನ ಬಣ್ಣ

ಅಕ್ಕನ ಆ ಹಲ್ಲು ಯಾವ ಬಣ್ಣದ್ದಾಗಿತ್ತು ಎಂದು ಯಾರಾದರೂ ಈಗ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಹಲ್ಲಿನ ಬಣ್ಣ ನೋಡುವುದೇ ನನ್ನ ಕೆಲಸ. ಮಿಯಾಪುರದ ಒಂದು ಡೆಂಟಲ್ ಲ್ಯಾಬಿನಲ್ಲಿ, ಮೂರನೆಯ ಮಹಡಿಯ ಕಿಟಕಿಯ ಪಕ್ಕ ಕೂತು, ಮುಖ ಕಾಣದ ಜನರಿಗೆ ಪಿಂಗಾಣಿಯ ಹಲ್ಲು ಮಾಡುತ್ತೇನೆ. ಆದರೂ ಅಕ್ಕನ ಹಲ್ಲನ್ನು ಬೂದಿಬಣ್ಣ ಎಂದು ಬರೆಯಲು ಹೊರಟರೆ ನೇರಳೆ ಅಡ್ಡ ಬರುತ್ತದೆ. ನೇರಳೆ ಎಂದು ಬರೆದರೆ, ಅಲ್ಲ, ಅಂಗಿಯ ಜೇಬಿನಲ್ಲಿ ಸೋರಿ ಒಗೆದ ಮೇಲೂ ಉಳಿಯುವ ಶಾಯಿಯ ಕಲೆ ಅನ್ನಿಸುತ್ತದೆ. ಫೋಟೋಗಳಿವೆ. ಒಂದೊಂದರಲ್ಲಿ ಒಂದೊಂದು ಬಣ್ಣ. ಮೇಲಿನ ಸಾಲಿನ ನಟ್ಟನಡುವಿನ ಎರಡು ದೊಡ್ಡ ಹಲ್ಲುಗಳಲ್ಲಿ ಒಂದು ಸತ್ತಿತ್ತು, ಇನ್ನೊಂದು ಬದುಕಿತ್ತು. ಇಷ್ಟು ಮಾತ್ರ ಖಾತ್ರಿ.

ಅದು ಸತ್ತದ್ದು ಹೇಗೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂರು ಕಥೆಗಳಿವೆ. ಅಪ್ಪ ರಾಯಚೂರು ಕಡೆಯಿಂದ ಬಂದು ಲಿಂಗಂಪಲ್ಲಿಯ ಹತ್ತಿರ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿದ್ದರು. ನಾವು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಅವ್ವನ ಪ್ರಕಾರ ಅಕ್ಕ ಪಾರ್ಕಿನ ಜಾರುಬಂಡಿಯಿಂದ ಮುಖ ಅಡಿಯಾಗಿ ಬಿದ್ದಳು. ಅಕ್ಕನ ಪ್ರಕಾರ ನೀರು ಹೊಡೆಯುವ ಬೋರಿಂಗಿನ ಹಿಡಿಕೆ ಮೇಲಕ್ಕೆ ಚಿಮ್ಮಿ ಬಾಯಿಗೆ ಬಡಿಯಿತು. ನನಗೆ ಕಾಣುವುದು ಸ್ಟೀಲಿನ ಲೋಟ: ಅಕ್ಕ ನೀರು ಕುಡಿಯುತ್ತಿದ್ದಾಗ ಯಾರೋ ಹಿಂದಿನಿಂದ ತಳ್ಳಿದರು. ಆಗ ನಾನು ಇನ್ನೂ ತೊದಲು ಮಾತಾಡುತ್ತಿದ್ದೆನಂತೆ, ನೆನಪಿರಲು ಸಾಧ್ಯವೇ ಇಲ್ಲವಂತೆ. ಆದರೂ ಆ ಲೋಟದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಪ್ಪನ ಹೆಸರು ಸಹ ನನಗೆ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ಅದರ ಮೇಲೆ ನನಗೆ ಸಂಶಯ.

ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡಿದ ವರ್ಷಗಳಲ್ಲಿ ಅಕ್ಕ ಮನಸ್ಸು ಬಿಚ್ಚಿ ನಕ್ಕಳು. ಅದಕ್ಕೆ ಮುಂಚೆ ಅವಳಿಗೆ ನಗು ಬಂದರೆ ಮೊದಲು ಕೈ ಮೇಲೆ ಬರುತ್ತಿತ್ತು, ಆಮೇಲೆ ನಗು. ಕೈಯಲ್ಲಿ ಪೆನ್ನಿದ್ದರೆ ಪೆನ್ನು, ದುಪಟ್ಟಾ ಇದ್ದರೆ ದುಪಟ್ಟಾ. ಮಾದಾಪುರದ ಒಂದು ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವುದು ಅವಳ ಕೆಲಸ. ದಿನವಿಡೀ ಜನರ ಎದುರು ನಿಂತು ಮಾತಾಡಬೇಕು. ಮಾಸ್ಕ್ ಬಂದ ಮೇಲೆ ಕೈಗೆ ಬಿಡುವು ಸಿಕ್ಕಿತು. ಮಾಸ್ಕ್ ಹೋದ ಮೇಲೆ ಎಲ್ಲರೂ ಬಿಚ್ಚಿದರು, ಅಕ್ಕ ಬಿಚ್ಚಲಿಲ್ಲ. ಧೂಳಿನ ಅಲರ್ಜಿ ಎಂದು ಆಫೀಸಿನಲ್ಲಿ ಹೇಳಿದಳಂತೆ. ಮೂಗಿನಿಂದ ಕೆಳಗೆ ಅವಳನ್ನು ಯಾವತ್ತೂ ನೋಡದ ಒಂದು ತಂಡವೇ ಅಲ್ಲಿ ತಯಾರಾಯಿತು. ಅವಳು ಗೋಡೆಯ ಕಡೆ ಮುಖ ಮಾಡಿ ಡಬ್ಬಿ ಬಿಚ್ಚಿ ಉಣ್ಣತೊಡಗಿದಳು.

ಒಂದು ಭಾನುವಾರ ನಮ್ಮ ಅಡುಗೆಮನೆಯಲ್ಲಿ ನಿಂತು, ಸೊಪ್ಪು ಬಿಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಊರ ಮಂದಿ ಹಲ್ಲೆಲ್ಲಾ ನಿನ್ನ ಕೈಯಾಗ ಆಗ್ತಾವ. ನಂದೊಂದು ಆಗೂದಿಲ್ಲೇನು?"

"ನೀ ಎಂದರ ಕೇಳೀಯೇನು?"

"ಈಗ ಕೇಳಾಕತ್ತೀನಲ್ಲ."

ಅವಳನ್ನು ತೋರಿಸಿದ ಹಲ್ಲಿನ ಡಾಕ್ಟರು ನಮ್ಮ ಲ್ಯಾಬಿಗೆ ಕೆಲಸ ಕೊಡುವವರೇ. ಹಲ್ಲಿನ ಬೇರಿನ ಚಿಕಿತ್ಸೆ ಮಾಡಿ, ಒಳಗಿನಿಂದ ಔಷಧಿ ಇಟ್ಟು, ಕಪ್ಪನ್ನು ಸಾಧ್ಯವಾದಷ್ಟು ತಿಳಿ ಮಾಡಿದರು. ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ವೆನೀರ್ ಮುಚ್ಚಬೇಕಾಗಿತ್ತು. ವೆನೀರ್ ಅಂದರೆ ಹಲ್ಲಿನ ಮುಂಭಾಗವನ್ನು ಸ್ವಲ್ಪವೇ ತೇಯ್ದು ಅದರ ಮೇಲೆ ಅಂಟಿಸುವ, ಉಗುರಿನಷ್ಟು ತೆಳುವಾದ ಪಿಂಗಾಣಿ. ಕಪ್ಪನ್ನು ಮುಚ್ಚುವಷ್ಟು ದಟ್ಟವಾಗಿರಬೇಕು, ಒಳಗೆ ಬೆಳಕು ಹೋಗಿ ಬರುವಷ್ಟು ತಿಳಿಯಾಗಿಯೂ ಇರಬೇಕು. ಡಾಕ್ಟರು ತೆಲುಗಿನಲ್ಲಿ ಹೇಳಿದರು: "ಒಕ್ಕ ಪನ್ನು ಮ್ಯಾಚ್ ಚೇಯಡಂ ಚಾಲಾ ಕಷ್ಟಂ ಅಂಡಿ. ನಾಲುಗು ಚೇಸ್ತೇ ಈಜೀ."

ಒಂದೇ ಹಲ್ಲನ್ನು ಹೊಂದಿಸುವುದು ಬಹಳ ಕಷ್ಟ, ನಾಲ್ಕಾದರೆ ಸುಲಭ ಎಂಬುದು ನಿಜ. ನಾಲ್ಕು ಹಲ್ಲು ಒಟ್ಟಿಗೆ ಮಾಡಿದರೆ ಅವು ಒಂದಕ್ಕೊಂದು ಹೊಂದಿದರೆ ಸಾಕು. ಒಂದೇ ಮಾಡಿದರೆ ಅದು ದೇವರು ಮಾಡಿದ್ದಕ್ಕೆ ಹೊಂದಬೇಕು. ಆದರೆ ನಾಲ್ಕು ಮಾಡಬೇಕಾದರೆ ಗಟ್ಟಿಮುಟ್ಟಾದ ಮೂರು ಹಲ್ಲುಗಳ ಮೈ ತೇಯಬೇಕು. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ.

"ಛಲೋ ಇದ್ದ ಹಲ್ಲು ಯಾಕ ತಿಕ್ಕಸಲಿ?" ಎಂದಳು ಅಕ್ಕ. "ಆದರ ಒಂದ ಆಗಲಿ. ಇಲ್ಲಂದ್ರ ಬ್ಯಾಡ, ಮಾಸ್ಕ್ ಐತಿ."

ಡಾಕ್ಟರು ಒಂದಕ್ಕೆ ಒಪ್ಪಿದರು. ಹೊಂದದಿದ್ದರೆ ನಾಲ್ಕರ ಮಾತು ಮತ್ತೆ ಎತ್ತುತ್ತೇನೆ ಎಂದೂ ಹೇಳಿದರು. ಸತ್ತ ಹಲ್ಲಿನ ಮೈ ತೇಯ್ದು, ಮೇಲೆ ತಾತ್ಕಾಲಿಕವಾಗಿ ಒಂದು ಪ್ಲಾಸ್ಟಿಕ್ಕಿನ ಹೊದಿಕೆ ಕೂರಿಸಿ, ಬಣ್ಣ ನೋಡಲು ಅವಳನ್ನು ನನ್ನ ಹತ್ತಿರ ಕಳಿಸಿದರು.

ಆ ಮಧ್ಯಾಹ್ನ ಮಳೆ ಬರುತ್ತಿತ್ತು. ಇಲ್ಲ, ಬರುತ್ತಿರಲಿಲ್ಲ. ಮೇಲಿನ ಮನೆಯ ಎಸಿಯ ನೀರು ತಗಡಿನ ಮೇಲೆ ಬೀಳುತ್ತಿತ್ತು. ಬಿಸಿಲಿದ್ದುದಕ್ಕೆ ಆಧಾರವಿದೆ, ಏಕೆಂದರೆ ಫೋಟೋದಲ್ಲಿ ಅಕ್ಕನ ಮೂಗಿನ ಮೇಲೆ ಕಿಟಕಿಯ ಸರಳಿನ ನೆರಳು ಬಿದ್ದಿದೆ. ಅಕ್ಕನ ಜೊತೆ ಅವ್ವನೂ ಬಂದಿದ್ದಳು. ಕಪಾಟಿನ ತುಂಬ ಸಾಲಾಗಿ ಕೂತ ಹಲ್ಲಿನ ಅಚ್ಚುಗಳನ್ನು ನೋಡಿ, "ಇಷ್ಟು ಬಾಯಿ ಅದಾವ, ಒಂದೂ ಮಾತಾಡವಲ್ವು" ಎಂದು ಸ್ಟೂಲಿನ ಮೇಲೆ ಕೂತಳು. ಹೊರಗೆ ಮೆಟ್ರೋ ರೈಲು ಹೋದಾಗಲೆಲ್ಲ ಆ ಅಚ್ಚುಗಳು ಗೊತ್ತೇ ಆಗದಷ್ಟು ಸಣ್ಣಗೆ ನಡುಗುತ್ತವೆ. ನನಗೆ ಹಲವು ಸಲ ಅವೆಲ್ಲ ಈಗಷ್ಟೇ ಏನೋ ಹೇಳಿ ಮುಗಿಸಿದಂತೆ ಅನ್ನಿಸುತ್ತದೆ.

ಅಕ್ಕನ ತುಟಿಗಳನ್ನು ಪ್ಲಾಸ್ಟಿಕ್ ಕೊಂಡಿಯಿಂದ ಹಿಗ್ಗಿಸಿ, ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳ ಪಟ್ಟಿಯನ್ನು ಪಕ್ಕದ ಒಳ್ಳೆಯ ಹಲ್ಲಿಗೆ ಹಿಡಿದು, ಒಂದು ಫೋಟೋ ತೆಗೆದೆ. ಅಷ್ಟರಲ್ಲಿ ಅವ್ವ ಹೇಳಿದಳು.

"ಆ ಜಾರುಬಂಡಿ ಇರಲಿಲ್ಲಂದ್ರ ಇದೆಲ್ಲಾ ಯಾಕ ಬೇಕಾಗಿತ್ತು."

ಕೊಂಡಿ ಹಾಕಿದ ಬಾಯಿಂದ ಅಕ್ಕ, "ಓಯಿಂಗ್, ಓಯಿಂಗ್" ಎಂದಳು. ಬೋರಿಂಗ್ ಎನ್ನಲು ತುಟಿ ಕೂಡಬೇಕಲ್ಲ.

"ಏನ್ ಓಯಿಂಗ್? ನಾ ಎತ್ತಿಕೊಂಡು ಬಂದೀನಿ, ನಂಗ ಗೊತ್ತಿಲ್ಲೇನು?"

"ಅವ್ವಾ, ನೀ ಆವತ್ತು ಊರಿಗೆ ಹೋಗಿದ್ದಿ," ಎಂದೆ ನಾನು. "ಎತ್ತಿಕೊಂಡು ಬಂದಾಕಿ ಪಕ್ಕದ ಮನಿ ಆಂಟಿ. ಕೈಯಾಗ ಲೋಟ ಹಂಗ ಇತ್ತು."

"ನೀ ಸುಮ್ನಿರ. ಚಡ್ಡಿ ಹಾಕ್ಕೊಳ್ಳಾಕ ಬರತಿರಲಿಲ್ಲ ನಿಂಗ, ಲೋಟ ನೆನಪೈತಂತ."

ಅಕ್ಕನಿಗೆ ನಗು ಬಂತು. ತುಟಿ ಹಿಗ್ಗಿದ್ದರಿಂದ ಅದು ಹಲ್ಲಿನಲ್ಲಿ ಕಾಣಲಿಲ್ಲ, ಹೊಟ್ಟೆಯಲ್ಲಿ ಕಂಡಿತು. ಬಾಯಿ ಹಾಗೇ ತೆರೆದಿತ್ತು. ಅವ್ವ ಜಾರುಬಂಡಿಯ ಬಣ್ಣ ಹೇಳಿದಳು, ನಾನು ಲೋಟದ ಅಂಚು ಹೇಳಿದೆ, ಅಕ್ಕ ಗಾಳಿಯಲ್ಲಿ ಬೋರಿಂಗ್ ಹೊಡೆದು ತೋರಿಸಿದಳು. ಜಗಳ ಮುಗಿದ ಮೇಲೆ ಮತ್ತೆ ಪಟ್ಟಿ ಹಿಡಿದು ಬಣ್ಣ ಗೊತ್ತುಮಾಡಿದೆ. ಇನ್ನೊಂದು ಫೋಟೋ ತೆಗೆದೆ. ಅದೇ ಚೆನ್ನಾಗಿ ಬಂದಿತ್ತು.

ವೆನೀರನ್ನು ಹೇಗೆ ಮಾಡುವುದು ಎಂಬ ಪ್ರಶ್ನೆ ಬಂದಾಗ ನಮ್ಮ ಲ್ಯಾಬಿನಲ್ಲಿ ಉತ್ತರ ಸಾಮಾನ್ಯವಾಗಿ ಒಂದೇ. ಯಂತ್ರವನ್ನು ನೋಡಿಕೊಳ್ಳುವ ಸಹೋದ್ಯೋಗಿ ನನ್ನ ವಾರಿಗೆಯವನು, ಈ ನಗರದ ಹಳೇ ಭಾಗದವನು, ಮಾತು ದಖನಿ, ನಾನು ಅವನಿಗೆ ಆಪಾ, ಅಂದರೆ ಅಕ್ಕ.

"ಕ್ಯಾ ಆಪಾ, ಏಕ್ ದಾತ್ ಕೆ ವಾಸ್ತೆ ಇತ್ತಾ ಸೋಚ್ರೇ? ಮಷೀನ್‌ಕು ದೇ ದೇವ್. ಚಾಯ್ ಪೀಕೆ ಆನೇ ತಕ್ ತಯಾರ್."

ಯಂತ್ರಕ್ಕೆ ಕೊಟ್ಟರೆ ಚಹಾ ಕುಡಿದು ಬರುವಷ್ಟರಲ್ಲಿ ತಯಾರು ಎಂದು ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಹೆಚ್ಚಿರಲಿಲ್ಲ. ಅಚ್ಚನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಪಕ್ಕದ ಹಲ್ಲಿನ ಪ್ರತಿಬಿಂಬವನ್ನು ತಿರುಗಿಸಿ ಕೂರಿಸಿದ. ಪಿಂಗಾಣಿಯ ಒಂದು ಸಣ್ಣ ಇಟ್ಟಿಗೆಯಿಂದ ಯಂತ್ರ ನೀರು ಚಿಮ್ಮಿಸಿಕೊಳ್ಳುತ್ತ ಅದನ್ನು ಕೊರೆಯಿತು. ಗಾಜಿನ ಬಾಗಿಲ ಹಿಂದೆ ಹಾಲಿನಂಥ ನೀರಿನಲ್ಲಿ ಅಕ್ಕನ ಹಲ್ಲು ಹುಟ್ಟುವುದನ್ನು ನೋಡುತ್ತ ನಿಂತಿದ್ದೆ. ಕನಸಿನಲ್ಲಿ ನಿಂತ ಹಾಗಿತ್ತು. ಆಕಾರ ಕರಾರುವಾಕ್ಕು. ಮೇಲೆ ಬಣ್ಣ ಹಚ್ಚಿ, ಕುಲುಮೆಯಲ್ಲಿಟ್ಟು ಹೊಳಪು ಕೊಟ್ಟೆ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಹೊದಿಕೆ ತೆಗೆದು ಅದನ್ನು ನೀರಿನ ಹನಿಯಲ್ಲಿ ಕೂರಿಸಿ ನೋಡಿದರು. ಅಕ್ಕ ಕನ್ನಡಿಯನ್ನು ಹತ್ತಿರ ತಂದಳು, ದೂರ ಹಿಡಿದಳು. ಮಾತಾಡಿದ್ದು ಅವ್ವ.

"ಬಚ್ಚಲಮನಿ ಟೈಲ್ಸ್ ಕೂಡಿಸಿದಂಗ ಆಗೈತಿ."

ಪಕ್ಕದ ಹಲ್ಲು ಕೆನೆಯ ಬಣ್ಣದ್ದು, ನಾನು ಮಾಡಿದ್ದು ಸುಣ್ಣದ ಬಣ್ಣದ್ದು. ಡಾಕ್ಟರು ಎಡಕ್ಕೂ ಬಲಕ್ಕೂ ಇದ್ದ ಹಲ್ಲುಗಳ ಮೇಲೆ ಉಪಕರಣದ ತುದಿಯನ್ನು ಮೆಲ್ಲಗೆ ಆಡಿಸಿದರು. ನಾಲ್ಕರ ಲೆಕ್ಕ ಹಾಕುತ್ತಿದ್ದಾರೆ ಎಂದು ಮೂವರಿಗೂ ಗೊತ್ತಾಯಿತು. ಹೊರಗೆ ಬಂದಾಗ ಅಕ್ಕ ಚೀಲದಿಂದ ಮಾಸ್ಕ್ ತೆಗೆದು ಹಾಕಿಕೊಂಡಳು. ಅದು ತಿಳಿನೀಲಿ ಇತ್ತು ಎಂದು ಬರೆಯುತ್ತಿದ್ದೇನೆ. ಎಲ್ಲರ ಮಾಸ್ಕೂ ತಿಳಿನೀಲಿ ಇರುತ್ತಿತ್ತು, ಅದಕ್ಕೇ ಇರಬಹುದು.

"ಇರಲಿ ಬಿಡ," ಎಂದಳು. "ನಾಕೂ ಮಾಡಸ್ತೀನಿ. ಎಲ್ಲಾರೂ ಮಾಡಸ್ತಾರ."

ಹಾಗೆ ಅವಳು ಸೋತು ಹೇಳಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನಾನು ಇನ್ನೊಂದು ಅವಕಾಶ ಕೇಳಿದೆ. ಡಾಕ್ಟರು ಕೊಟ್ಟರು.

ಲ್ಯಾಬಿಗೆ ಬಂದು ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟೆ. ಜಗಳಕ್ಕೆ ಮುಂಚಿನದರಲ್ಲಿ ಪಕ್ಕದ ಹಲ್ಲು ಒದ್ದೆ, ಅದರೊಳಗೆ ಸಂಜೆಯ ಬೆಳಕಿನಂಥದೇನೋ ಇದೆ. ಜಗಳದ ನಂತರದ್ದರಲ್ಲಿ ಅದೇ ಹಲ್ಲು ಒಣಗಿ ಬೆಳ್ಳಗೆ ಸುಣ್ಣವಾಗಿದೆ. ಹಲ್ಲು ಗಾಳಿಗೆ ಒಣಗಿದರೆ ಬಣ್ಣ ಬಿಳಿಯಾಗುತ್ತದೆ, ಅದಕ್ಕೇ ಬಣ್ಣವನ್ನು ಮೊದಲ ನೋಟದಲ್ಲೇ ಹಿಡಿಯಬೇಕು. ನಮ್ಮ ಕೆಲಸದಲ್ಲಿ ಎಲ್ಲರೂ ಕಲಿಯುವ ಮೊದಲ ಪಾಠ ಇದು. ನಾವು ಮೂವರೂ ಸೇರಿ, ಹಲ್ಲು ಹೇಗೆ ಸತ್ತಿತು ಎಂದು ವಾದಿಸುತ್ತ, ಬದುಕಿದ್ದ ಹಲ್ಲನ್ನು ಒಣಗಿಸಿಬಿಟ್ಟಿದ್ದೆವು.

ಮೊದಲ ಫೋಟೋ ನೋಡಿ ಬಣ್ಣ ಸರಿಮಾಡಿಕೊಂಡೆ, ಆದರೆ ಮಾಡುವ ದಾರಿ ಸರಿಯಾಗಲಿಲ್ಲ. ಯಂತ್ರದ್ದು ಬಿಟ್ಟರೆ ಎರಡನೆಯ ದಾರಿ ಮೇಣದ್ದು. ಹಲ್ಲಿನ ಮುಖವನ್ನು ಮೇಣದಲ್ಲಿ ಮಾಡಿ, ಅದರ ಸುತ್ತ ಗಾರೆಯಂಥದ್ದು ಸುರಿದು ಗಟ್ಟಿ ಮಾಡಿ, ಬಿಸಿಯಲ್ಲಿ ಮೇಣವನ್ನೆಲ್ಲ ಸುಟ್ಟುಬಿಡುವುದು. ಮೇಣ ಹೋದ ಖಾಲಿ ಜಾಗಕ್ಕೆ ಮೆತ್ತಗಾದ ಪಿಂಗಾಣಿಯನ್ನು ಒತ್ತುವುದು. ನನಗೆ ಇಷ್ಟವಾದ ವಿಧಾನ ಇದೇ. ಇಲ್ಲದೆ ಹೋದದ್ದರ ಆಕಾರವನ್ನು ಇನ್ನೊಂದು ವಸ್ತು ನಂಬಿ ತುಂಬಿಕೊಳ್ಳುತ್ತದೆ. ಆದರೆ ಪಿಂಗಾಣಿಯ ಒಂದೇ ಗಟ್ಟಿಯಿಂದ ಬಂದದ್ದಕ್ಕೆ ಉದ್ದಕ್ಕೂ ಒಂದೇ ಗುಣ. ತಿಳಿಯಾದ ಗಟ್ಟಿ ಒತ್ತಿದೆ, ಅದರ ಕೆಳಗೆ ಸತ್ತ ಹಲ್ಲಿನಂಥ ಬೂದಿಬಣ್ಣದ ಗೋಂದು ಇಟ್ಟು ನೋಡಿದರೆ ಮೋಡ ಹಾಯ್ದಂತೆ ನೆರಳು ಮೇಲೆ ಬಂತು. ದಟ್ಟವಾದದ್ದು ಒತ್ತಿದೆ, ನೆರಳು ಹೋಯಿತು, ಜೀವವೂ ಹೋಯಿತು. ಇವೆರಡನ್ನೂ ಕ್ಲಿನಿಕ್ಕಿಗೆ ಕಳಿಸಲೇ ಇಲ್ಲ.

"ಅಬ್ ಕ್ಯಾ ಕರ್ತೇ?" ಈಗೇನು ಮಾಡುವುದು ಎಂದ ಸಹೋದ್ಯೋಗಿ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಹಾಥ್ ಸೆ," ಎಂದೆ.

ಅವನು ತಲೆ ಅಲ್ಲಾಡಿಸಿದ. ಕೈಯಿಂದ ಪದರ ಕಟ್ಟುವ ಮೂರನೆಯ ದಾರಿಯಲ್ಲಿ ನಾವು ಹೋಗುವುದೇ ಕಮ್ಮಿಯಾಗಿತ್ತು. ಪಿಂಗಾಣಿಯ ಪುಡಿಯನ್ನು ನೀರಿನಲ್ಲಿ ಕಲಸಿ, ಕಾವು ತಡೆಯುವ ಅಚ್ಚಿನ ಮೇಲೆ ಕುಂಚದಿಂದ ಇಡುತ್ತ, ಸುಡುತ್ತ, ಮತ್ತೆ ಇಡುತ್ತ ಹೋಗಬೇಕು. ಸುಟ್ಟಾಗಲೆಲ್ಲ ಅದು ಕುಗ್ಗುತ್ತದೆ. ಹಲ್ಲಿಗೆ ಅಂಟುವ ತನಕ ಹಪ್ಪಳದಂತೆ, ಬೆರಳು ತುಸು ಬಿಗಿಯಾದರೂ ಮುರಿದೀತು. ಆದರೆ ಈ ಒಂದು ದಾರಿಯಲ್ಲಿ ಮಾತ್ರ ಕೆಳಗೊಂದು ಗುಣ, ಮೇಲೊಂದು ಗುಣ ಇಡಬಹುದು. ಕಪ್ಪಿರುವಲ್ಲಿ ಮುಚ್ಚಿ, ಇಲ್ಲದಲ್ಲಿ ತೆರೆಯಬಹುದು.

ಅಕ್ಕನನ್ನು ಮತ್ತೆ ಕರೆಸಿದೆ. ಈ ಸಲ ಕರಾರು: ಯಾರೂ ಹಳೆಯ ಮಾತು ಎತ್ತಬಾರದು, ಅಕ್ಕ ಸ್ವಲ್ಪ ಸ್ವಲ್ಪ ಹೊತ್ತಿಗೆ ನೀರು ಕುಡಿಯಬೇಕು. ಅವ್ವ ಸೆರಗಿನಿಂದ ತನ್ನ ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತಳು.

"ನಾ ಮಾತಾಡೂದಿಲ್ಲವಾ. ಜಾರುಬಂಡಿ ಸುದ್ದಿ ತಗಿಯೂದೇ ಇಲ್ಲ."

"ಅವ್ವಾ!"

"ತಗಿಯೂದಿಲ್ಲ ಅಂತ ಹೇಳಾಕತ್ತೀನಿ."

ನಾನು ಪಕ್ಕದ ಹಲ್ಲನ್ನು ಮೊದಲ ಸಲ ನೋಡಿದಂತೆ ನೋಡಿದೆ. ಇಷ್ಟು ವರ್ಷ ಆ ಬಾಯಿಯಲ್ಲಿ ನಾವೆಲ್ಲ ನೋಡುತ್ತಿದ್ದದ್ದು ಸತ್ತ ಹಲ್ಲನ್ನೇ. ಈ ಇನ್ನೊಂದು ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಅದರ ಮಧ್ಯದಲ್ಲಿ ಓರೆಯಾಗಿ ಒಂದು ಬಿಳಿಮೋಡ. ಅಂಚಿನಲ್ಲಿ, ಅಡುಗೆಮನೆಯ ಹೊಗೆ ಕಿಟಕಿಯಿಂದ ಹೊರಗೆ ಹೋಗುವಾಗ ಇರುವಂಥ ನೀಲಿ. ಮೇಲಿನಿಂದ ಕೆಳಗೆ ಕೂದಲೆಳೆಯಂಥ ಒಂದು ಬಿರುಕು, ಚಹಾ ಕುಡಿದು ಕುಡಿದು ತುಸು ಕಂದಾದದ್ದು. ಆ ಬಿರುಕನ್ನು ಕಂಡಾಗ ಮೂರು ಕಥೆಗಳಲ್ಲಿ ಯಾವುದು ನಿಜವಾದರೂ ಪೆಟ್ಟು ಬಿದ್ದದ್ದು ಇದಕ್ಕೂ ಎಂದು ತಿಳಿಯಿತು. ಇದು ತಡೆದುಕೊಂಡಿತ್ತು, ಅಷ್ಟೆ. ಇದನ್ನು ತೇಯಲು ಬಿಡಬಾರದು ಎಂದು ಅಂದುಕೊಂಡದ್ದು ಆಗಲೇ. ಅಥವಾ ಈಗ, ಬರೆಯುವಾಗ, ಅದನ್ನು ಆಗ ಅಂದುಕೊಂಡಂತೆ ಇಡುತ್ತಿದ್ದೇನೆ.

ಮುಂದಿನ ದಿನಗಳು ನನ್ನಲ್ಲಿ ಬಿಡಿಬಿಡಿಯಾಗಿ ಉಳಿದಿಲ್ಲ, ಒಂದೇ ಉದ್ದನೆಯ ಮಧ್ಯಾಹ್ನವಾಗಿ ಕೂಡಿಕೊಂಡಿವೆ. ಹಸಿ ಪಿಂಗಾಣಿಗೆ ಗುರುತಿಗಾಗಿ ಗುಲಾಬಿ, ನೀಲಿ ಹಾಕಿರುತ್ತಾರೆ. ಸುಟ್ಟ ಮೇಲೆ ಅವು ಹೋಗಿ ಬೇರೆಯೇ ಬಣ್ಣ ಬರುತ್ತದೆ. ಹಾಗಾಗಿ ಕುಂಚ ಹಿಡಿದಿರುವಷ್ಟು ಹೊತ್ತು ಕಣ್ಣಿಗೆ ಕಾಣುವ ಬಣ್ಣವನ್ನು ನಂಬದೆ, ಬರಲಿರುವುದನ್ನು ನಂಬಿ ಕೆಲಸ ಮಾಡಬೇಕು. ಮೊದಲು, ಬೂದಿಬಣ್ಣವನ್ನು ತಣಿಸಲು, ಕಿತ್ತಳೆಯ ಛಾಯೆ ಇರುವ ಒಂದು ದಟ್ಟ ಪದರವನ್ನು ಬುಡದ ಕಡೆ ಮಾತ್ರ ಇಟ್ಟೆ. ಕೆಳಗೆ ಬರಬರುತ್ತ ತಿಳಿ ಮಾಡಿದೆ. ಹಸಿಪುಡಿಯನ್ನು ಅದುರಿಸಿದರೆ ನೀರು ಮೇಲೆ ಬರುತ್ತದೆ, ಅದನ್ನು ಕಾಗದದಿಂದ ಒತ್ತಿ ತೆಗೆಯಬೇಕು. ಮೆಟ್ರೋ ಹೋದಾಗ ತಾನೇ ನೀರು ಮೇಲೆ ಬಂದು ಹೊಳೆಯುತ್ತಿತ್ತು ಎಂದು ನನ್ನ ನೆನಪು. ಅಷ್ಟು ದೂರದಿಂದ ಅಷ್ಟು ಅದುರು ಬರುತ್ತದೆಯೇ? ಸಹೋದ್ಯೋಗಿಯನ್ನು ಮೊನ್ನೆ ಕೇಳಿದೆ. "ಆಪಾ, ವೋ ಆಪ್ಕಾ ಹಾಥ್ ಕಾಪ್ ರಾ ಥಾ," ಎಂದು ನಕ್ಕ. ನನ್ನ ಕೈ ನಡುಗುತ್ತಿತ್ತಂತೆ.

ಕುಲುಮೆಯ ತಟ್ಟೆ ಸದ್ದಿಲ್ಲದೆ ಕೆಳಗಿಳಿಯುವಾಗ ಹಲ್ಲು ಕೆಂಡದ ಬಣ್ಣದಲ್ಲಿರುತ್ತದೆ. ನಿಧಾನವಾಗಿ ಹಳದಿ, ಆಮೇಲೆ ತನ್ನ ಬಣ್ಣ. ಬಿಳಿಮೋಡವನ್ನು ಓರೆಯಾಗಿ ಇಟ್ಟೆ, ಪಕ್ಕದ್ದಕ್ಕಿಂತ ತುಸು ಬೇರೆ, ಏಕೆಂದರೆ ಯಾವ ಎರಡು ಹಲ್ಲೂ ಕನ್ನಡಿಯ ಬಿಂಬಗಳಲ್ಲ. ಯಂತ್ರ ಅಲ್ಲೇ ತಪ್ಪಿತ್ತು. ಕೂದಲೆಳೆಯ ಬಿರುಕನ್ನೂ ಇಟ್ಟೆ. ಅದನ್ನು ನೋಡಿ ಸಹೋದ್ಯೋಗಿ, "ನಯಾ ದಾತ್ ಮೇ ಕ್ರ್ಯಾಕ್? ಪಾಗಲ್ ಹೋ ಗಯೇ ಕ್ಯಾ?" ಎಂದ, ಹೊಸ ಹಲ್ಲಿಗೆ ಬಿರುಕು ಇಡಲು ಹುಚ್ಚು ಹಿಡಿದಿದೆಯೇ ಎಂದು. ಆದರೆ ಕೊನೆಗೆ ಅಚ್ಚನ್ನು ಮರಳಿನ ಗಾಳಿಯಿಂದ ಸವೆಸಿ ವೆನೀರನ್ನು ಬಿಡಿಸಿಕೊಳ್ಳುವಾಗ, ಎಲ್ಲಿ ಸಿಡಿಯುತ್ತದೋ ಎಂದು, ತನ್ನ ಯಂತ್ರವನ್ನು ನಿಲ್ಲಿಸಿ ಬಂದು ಉಸಿರು ಹಿಡಿದು ನಿಂತವನೂ ಅವನೇ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ದೀಪ ಆರಿಸಿದರು. ವೆನೀರನ್ನು ನೀರಿನ ಹನಿಯಲ್ಲಿ ಕೂರಿಸಿದರು. ಅಂಟು ಹಾಕಿರಲಿಲ್ಲ, ನೀರಷ್ಟೇ ಅದನ್ನು ಹಿಡಿದಿತ್ತು. ಕನ್ನಡಿ ಕೊಟ್ಟರೆ ಅಕ್ಕ ತೆಗೆದುಕೊಳ್ಳಲಿಲ್ಲ. ಕಣ್ಣಿನಿಂದ ಅವ್ವನನ್ನು ಕರೆದಳು.

ಅವ್ವ ಕನ್ನಡಕ ಏರಿಸಿ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಇಲ್ಲಿ ಯಾವುದಾದರೂ ಸದ್ದು ಇತ್ತೇ ಎಂದು ನೆನಪಿನಲ್ಲಿ ಹುಡುಕಿದರೆ ಮತ್ತೆ ಅದೇ ತಗಡಿನ ಮೇಲಿನ ನೀರು ಕೇಳುತ್ತದೆ. ಅದು ಲ್ಯಾಬಿನದು, ಇಲ್ಲಿಯದಲ್ಲ.

"ಛಲೋ ಆಗೈತಿ," ಎಂದಳು ಅವ್ವ. "ಖರೇ ಹಲ್ಲಿನಂಗ ಆಗೈತಿ. ಆದರ ಬ್ಯಾಸರ ಮಾಡಕೋಬ್ಯಾಡ, ಹತ್ತಿರ ಬಂದು ನೋಡಿದರ ಮಾಡಿದ್ದು ಅಂತ ಸ್ವಲ್ಪ ಗೊತ್ತಾಗತೈತಿ. ಈ ಗೆರಿ ಒಂದು ಇರಬಾರದಿತ್ತು."

ಅವಳ ಬೆರಳು ಪಕ್ಕದ ಹಲ್ಲಿನ ಮೇಲಿತ್ತು. ಅಕ್ಕನ ಸ್ವಂತ ಹಲ್ಲಿನ ಮೇಲೆ.

ಮೊದಲು ಅರ್ಥವಾದದ್ದು ಡಾಕ್ಟರಿಗೆ. ಅವರ ಮುಖ ನೋಡಿ ನನಗೆ. ನಮ್ಮಿಬ್ಬರನ್ನೂ ನೋಡಿ ಅಕ್ಕ ಕನ್ನಡಿ ಕಸಿದುಕೊಂಡು ನೋಡಿದಳು. ಅವ್ವನ ಬೆರಳು ಇನ್ನೂ ಅಲ್ಲೇ ಇತ್ತು. ಅಕ್ಕನ ಹೊಟ್ಟೆ ಕುಲುಕತೊಡಗಿತು.

"ನವ್ವಕಂಡಿ, ನವ್ವಕಂಡಿ! ಪಡಿಪೋತುಂದಿ!" ನಗಬೇಡಿ, ಬಿದ್ದುಹೋಗುತ್ತದೆ ಎಂದು ಡಾಕ್ಟರು ಕೂಗಿ, ವೆನೀರಿನ ಮೇಲೆ ತಮ್ಮ ಬೆರಳು ಒತ್ತಿ ಹಿಡಿದರು. ಅಕ್ಕನ ಕೈ ಅಭ್ಯಾಸದಿಂದ ಬಾಯಿಯ ಕಡೆ ಎದ್ದಿತು. ಅಲ್ಲಿ ಆಗಲೇ ಎರಡು ಕೈ ಇದ್ದವು. ಜಾಗ ಸಿಗದೆ ಅದು ಗಾಳಿಯಲ್ಲಿ ಒಂದು ಕ್ಷಣ ನಿಂತು, ಅವ್ವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬಾಯಿ ತೆರೆದೇ ಇತ್ತು. ನಗು ಅದರ ತುಂಬ ಇತ್ತು.

"ಯಾಕ ನಗತೀರಿ? ನಾ ಏನಂದೆ ಈಗ?" ಎಂದಳು ಅವ್ವ.

ಅಂಟು ಹಾಕಿ ಮುಗಿದ ಮೇಲೆ ಮೂವರೂ ಒಂದೇ ಆಟೋದಲ್ಲಿ ಬಂದೆವು. ಅಕ್ಕ ಅಂಚಿನಲ್ಲಿ ಕೂತು ಗಾಳಿಗೆ ಮುಖ ಕೊಟ್ಟಿದ್ದಳು. ಅವ್ವ ಅವಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿ, ಒಂದು ಹಲ್ಲು ನೋಡಿದಳು, ಇನ್ನೊಂದು ನೋಡಿದಳು.

"ಹಂಗಾರ ಬಿದ್ದಾಗ ಪೆಟ್ಟಾಗಿದ್ದು ಯಾವುದಕ್ಕ?"

"ಬೀಳಲಿಲ್ಲವ್ವಾ, ಬೋರಿಂಗ್ ಬಡೀತು."

"ಯಾವುದಕ್ಕ ಅಂತ ಕೇಳಾಕತ್ತೀನಿ."

ಅಕ್ಕ ನಾಲಿಗೆಯ ತುದಿಯಿಂದ ಒಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ನನ್ನ ಕಡೆ ನೋಡಿದಳು. ಯಾವ ಹಲ್ಲು ಎಂದು ನಾನು ಹೇಳಬಹುದಾಗಿತ್ತು. ಅದರ ಬದಲು ಲೋಟದ ಕಥೆ ಶುರು ಮಾಡಿದೆ.